ಮಳೆಯ ದಿನ, ಮನೆಯೊಳಗೆ ಪುಟ್ಟ ಮಕ್ಕಳು: ಮುಂಬೈ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಜೂನ್ ಬಂತೆಂದರೆ ಈ ಪ್ರಶ್ನೆಗಳು ಶುರು. ಕೆಲವನ್ನು ಬಾಲವಾಡಿಗೆ ಮಗುವನ್ನು ಬಿಡಲು ಬಂದ ಅಮ್ಮಂದಿರು ಬಾಗಿಲಲ್ಲೇ ನಿಂತು ಕೇಳಿದ್ದಾರೆ. ಕೆಲವು ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಊಟದ ಸಾಲಿನಲ್ಲಿ ಸಿಕ್ಕವು. ಮಿಕ್ಕವು ವಾಟ್ಸಾಪ್‌ನಲ್ಲಿ ಬಂದವು, ಹೆಚ್ಚಿನವು ರಾತ್ರಿ ಹತ್ತರ ಮೇಲೆ. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇನೆ. ಎಲ್ಲವೂ ಒಂದರಿಂದ ಆರು ವರ್ಷದ ಮಕ್ಕಳ ಬಗ್ಗೆ. ನಾನು ಬಾಲವಾಡಿ ಟೀಚರ್, ಡಾಕ್ಟರ್ ಅಲ್ಲ. ಕಾಯಿಲೆಯ ವಿಷಯದಲ್ಲಿ ಎಲ್ಲ ಡಾಕ್ಟರೂ ಹೇಳುವ ಮಾತನ್ನಷ್ಟೇ ಬರೆದಿದ್ದೇನೆ.

## ಮೊದಲ ಮಳೆಗೇ ಬರುವ ಪ್ರಶ್ನೆಗಳು

ನಾವು ಮುಂಬೈಗೆ ಹೊಸಬರು. ನಾಲ್ಕು ತಿಂಗಳೂ ಮಕ್ಕಳನ್ನು ಮನೆಯೊಳಗೇ ಕೂಡಿಹಾಕಬೇಕಾ?

ಬೇಡ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮುಂಬೈಗೆ ಮುಂಗಾರು ಬರುವುದು ಜೂನ್ 11ರ ಸುಮಾರಿಗೆ, ಹೊರಡುವುದು ಅಕ್ಟೋಬರ್ 8ರ ಸುಮಾರಿಗೆ. ಈ ನಡುವೆ 2000 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುತ್ತದೆ. ಜುಲೈ ಒಂದೇ ಅದರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ತಿಂದುಬಿಡುತ್ತದೆ. ಗೋವಾದಲ್ಲಿ ಇದಕ್ಕಿಂತ ಜೋರು. ಪುಣೆ ಘಟ್ಟದ ಆಚೆ ಇರುವುದರಿಂದ ಅಲ್ಲಿ ವರ್ಷಕ್ಕೆಲ್ಲ ಸೇರಿ 700-750 ಮಿಲಿಮೀಟರ್ ಅಷ್ಟೇ. ಅಲ್ಲಿರುವವರು ಕೆಳಗಿನ ಅರ್ಧ ಪ್ರಶ್ನೆಗಳನ್ನು ಬಿಟ್ಟು ಓದಬಹುದು.

ಅಂಕಿ ನೋಡಿ ಹೆದರಬೇಡಿ. ಈ ಮಳೆ ಬಿಟ್ಟು ಬಿಟ್ಟು ಬರುತ್ತದೆ. ಎರಡು ಜಡಿಮಳೆಗಳ ನಡುವೆ ಅರ್ಧ ಗಂಟೆಯಾದರೂ ಬಿಡುವು ಸಿಕ್ಕೇ ಸಿಗುತ್ತದೆ. ಆ ಬಿಡುವಿನಲ್ಲಿ ಕೆಳಗಿಳಿದು ಒಂದು ಸುತ್ತು ಹಾಕಿಸಿ ಬನ್ನಿ, ಬಟ್ಟೆ ಮಡಚುವ ಕೆಲಸ ಆಮೇಲೆ ನೋಡಿಕೊಂಡರಾಯಿತು. ಹೊಸ್ತಿಲು ದಾಟಲೇ ಆಗದ ದಿನಗಳು ಒಂದು ಮಳೆಗಾಲದಲ್ಲಿ ಕೆಲವೇ ಕೆಲವು.

ಶಾಲೆಗೆ ರಜೆ ಇದೆಯೋ ಇಲ್ವೋ ಅಂತ ಬೆಳಿಗ್ಗೆ ಆರಕ್ಕೆ ಹೇಗೆ ತಿಳಿಯೋದು?

ಖಚಿತ ಸುದ್ದಿ ಶಾಲೆಯಿಂದಲೋ ಪಾಲಿಕೆಯಿಂದಲೋ ಬರಬೇಕು. ಆದರೆ ಹಿಂದಿನ ರಾತ್ರಿಯೇ ಎರಡು ವಿಷಯ ನೋಡಿಟ್ಟುಕೊಂಡರೆ ಅಂದಾಜು ಸಿಗುತ್ತದೆ.

ಮೊದಲನೆಯದು ಹವಾಮಾನ ಇಲಾಖೆಯ ಬಣ್ಣ. ಹಳದಿ ಅಂದರೆ ಗಮನ ಇರಲಿ, ಕಿತ್ತಳೆ ಅಂದರೆ ತಯಾರಾಗಿರಿ, ಕೆಂಪು ಅಂದರೆ ಮನೆಯಲ್ಲೇ ಇರುವುದು ಒಳ್ಳೆಯದು. 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಇಲಾಖೆ ಅದನ್ನು ಭಾರಿ ಮಳೆ ಅನ್ನುತ್ತದೆ. 204.5 ಮುಟ್ಟಿದರೆ ಅತ್ಯಂತ ಭಾರಿ.

ಎರಡನೆಯದು ಸಮುದ್ರದ ಭರತಿ, ಅಂದರೆ ಉಬ್ಬರ. ಹೊಸಬರು ಇದನ್ನು ನೋಡುವುದೇ ಇಲ್ಲ. ಮುಂಬೈಯ ಮಳೆನೀರು ಹೊರಹೋಗಬೇಕಾದದ್ದು ಸಮುದ್ರಕ್ಕೆ. ಭರತಿಯ ನೀರು ನಾಲ್ಕೂವರೆ ಮೀಟರ್ ದಾಟುವ ಹೊತ್ತಿಗೇ ಜೋರು ಮಳೆಯೂ ಹೊಡೆದರೆ ನೀರಿಗೆ ದಾರಿ ಇಲ್ಲ. ಆಗ ಹಿಂದಮಾತಾ, ಸಾಯನ್, ಕಿಂಗ್ಸ್ ಸರ್ಕಲ್, ಅಂಧೇರಿ ಸಬ್‌ವೇ ಎಲ್ಲ ತುಂಬುತ್ತವೆ. ಭರತಿಯ ಸಮಯ ಪೇಪರ್‌ನಲ್ಲಿ ಬರುತ್ತದೆ. ತುರ್ತಿಗೆ ಪಾಲಿಕೆಯ ಸಹಾಯವಾಣಿ 1916.

ಮಳೆಯಲ್ಲಿ ನೆನೆದರೆ ನೆಗಡಿ ಗ್ಯಾರಂಟಿ ಅಲ್ವಾ?

ನೆಗಡಿ ಬರುವುದು ವೈರಸ್‌ನಿಂದ. ಮಳೆಗಾಲದಲ್ಲಿ ಎಲ್ಲರೂ ಕಿಟಕಿ ಮುಚ್ಚಿ ಒಂದೇ ಕೋಣೆಯಲ್ಲಿ ಕೂರುತ್ತೇವೆ. ಒಬ್ಬರ ಸೀನು ಎಲ್ಲರಿಗೂ ಪ್ರಸಾದ. ಆದರೆ ಸುಮ್ನೆ ಮಳೆಯ ಮೇಲೆ ಗೂಬೆ ಕೂರಿಸುತ್ತೇವೆ.

ಆರೋಗ್ಯವಾಗಿರುವ ಮಗು ಟೆರೇಸಿನಲ್ಲೋ ಸೊಸೈಟಿಯ ಅಂಗಳದಲ್ಲೋ ಹತ್ತು ಹದಿನೈದು ನಿಮಿಷ ನೆನೆಯಲಿ. ಆಮೇಲೆ ಉಗುರುಬೆಚ್ಚಗಿನ ನೀರು ಸುರಿದು, ತಲೆ ಚೆನ್ನಾಗಿ ಒರೆಸಿ, ಒಣ ಬಟ್ಟೆ ಹಾಕಿ. ಗುಡುಗು ಕೇಳಿಸಿದರೆ ತಕ್ಷಣ ಒಳಗೆ. ರಸ್ತೆಯಲ್ಲಿ ನಿಂತ ನೀರಿಗೆ ಮಾತ್ರ ಕಾಲಿಡಿಸಬೇಡಿ. ಅದರ ಕಥೆಯೇ ಬೇರೆ, ಮುಂದೆ ಬರುತ್ತದೆ.

ಸ್ವೆಟರ್ ಹಾಕಲಾ?

ಮುಂಬೈ ಮಳೆಯಲ್ಲಿ ಸ್ವೆಟರ್ ಹಾಕಿದರೆ ಮಗು ಒಳಗೇ ಬೆವರಿ ನೆನೆಯುತ್ತದೆ. ತೆಳ್ಳನೆಯ ಹತ್ತಿ ಬಟ್ಟೆ ಸಾಕು. ಫ್ಯಾನ್ ನೇರ ಮೈಗೆ ಹೊಡೆಯದ ಹಾಗೆ ಮಲಗಿಸಿ. ಕತ್ತಿನ ಹಿಂದೆ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಬೆವರಿದ್ದರೆ ಒಂದು ಬಟ್ಟೆ ಕಡಿಮೆ ಮಾಡಿ. ಅಂಗೈ ತಣ್ಣಗಿದೆ ಎಂದು ಗಾಬರಿ ಬೇಡ.

## ಬಾಗಿಲು ಹಾಕಿದ ಮೇಲೆ

ನಮ್ಮದು ಒನ್ ರೂಮ್ ಕಿಚನ್. ಇಬ್ಬರು ಗಂಡುಮಕ್ಕಳು. ಎಲ್ಲಿ ಅಂತ ಆಡಿಸಲಿ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಒಂದರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಟ್ಟು 180 ನಿಮಿಷ ಮೈ ಆಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮೂರು ಗಂಟೆ! ಆದರೆ ಒಂದೇ ಸಲಕ್ಕೆ ಅಲ್ಲ, ಇಡೀ ದಿನದ್ದು ಸೇರಿ. ಓಡಿದ್ದು, ಬಗ್ಗಿದ್ದು, ಹತ್ತಿ ಇಳಿದದ್ದು ಎಲ್ಲ ಲೆಕ್ಕಕ್ಕೆ ಬರುತ್ತದೆ.

ಬೆಳಿಗ್ಗೆ ಹಾಸಿಗೆ ಸುತ್ತಿಡುವ ಮೊದಲೇ ಮೊದಲ ಸುತ್ತು ಮುಗಿಸಿ. ಹಾಸಿಗೆ ನೆಲದ ಮೇಲೆ ಇರುವಾಗಲೇ ಉರುಳಾಟ, ಲಾಗ, ದಿಂಬಿನ ಗುಡ್ಡ. ಊರಿನಿಂದ ತಂದ ಕೌದಿ ಇದ್ದರೆ ನಾಲ್ಕು ಮಡಿಕೆ ಮಾಡಿ ಹಾಸಿ, ಅದರ ಮೇಲೆ ಮಾತ್ರ ಕುಣಿತ ಎಂದು ಕಟ್ಟುಮಾಡಿ. ಕೆಳಗಿನ ಮನೆಯವರ ತಲೆಯೂ ಉಳಿಯುತ್ತದೆ. ಮಧ್ಯಾಹ್ನ ಮಲಗುವ ಹೊತ್ತಿನಲ್ಲಿ ಕುಣಿಸುವುದಿಲ್ಲ ಎಂದು ಅವರಿಗೆ ಒಂದು ಮಾತು ಹೇಳಿಟ್ಟರೆ ಬೆಳಗಿನ ಧಡಧಡ ಸಹಿಸಿಕೊಳ್ಳುತ್ತಾರೆ.

ಒದ್ದೆ ಬಟ್ಟೆಯ ಹಗ್ಗ ಹೇಗೂ ಕೋಣೆಯ ಉದ್ದಕ್ಕೂ ಕಟ್ಟಿರುತ್ತೀರಿ. ಅದಕ್ಕೊಂದು ಹಳೇ ಸೀರೆ ಇಳಿಬಿಟ್ಟರೆ ಡೇರೆ. ಡೇರೆಯೊಳಗೆ ಒಂದು ಸ್ಟೀಲ್ ಡಬ್ಬಿಯಲ್ಲಿ ಅವಲಕ್ಕಿ, ಒಂದು ಟಾರ್ಚು. ಹಗ್ಗ ಮಗುವಿನ ಕುತ್ತಿಗೆಗೆ ಎಟುಕದ ಎತ್ತರದಲ್ಲಿರಲಿ. ಕಿಟಕಿಯ ಕೆಳಗೆ ಕುರ್ಚಿ, ಟೀಪಾಯಿ ಯಾವುದೂ ಬೇಡ. ಮಳೆ ನೋಡಲು ಹತ್ತಿ ನಿಲ್ಲುತ್ತಾರೆ, ಗ್ರಿಲ್ ಇದ್ದರೂ ನಂಬಬೇಡಿ.

ಇನ್ನೂ ಶಕ್ತಿ ಉಳಿದಿದ್ದರೆ ಬಿಲ್ಡಿಂಗ್ ಮೆಟ್ಟಿಲಿದೆಯಲ್ಲ. ಕೈ ಹಿಡಿದುಕೊಂಡು ಮೇಲೆ ಹೋಗಿ ಕೆಳಗೆ ಬನ್ನಿ. ಒದ್ದೆ ಮೆಟ್ಟಿಲು ಜಾರುತ್ತದೆ, ಅದಕ್ಕೇ ಕೈ ಹಿಡಿಯುವುದು.

ದಿನಕ್ಕೊಂದು ಹೊಸ ಆಕ್ಟಿವಿಟಿ ಹುಡುಕಿ ಹುಡುಕಿ ಸಾಕಾಗಿದೆ. ನಿಮ್ಮ ಹತ್ತಿರ ಪಟ್ಟಿ ಇದೆಯಾ?

ಇಲ್ಲ. ಇದ್ದರೂ ಕೊಡುವುದಿಲ್ಲ. ಮಳೆಯ ದಿನ ಬಣ್ಣದ ಪೇಪರ್, ಗ್ಲಿಟರ್, ಅಂಟು ಎಲ್ಲ ತಂದು ಹರಡಿ, ಹತ್ತು ನಿಮಿಷ ಮಗು ಆಡಿ ಎದ್ದುಹೋಗಿ, ಒಂದು ಗಂಟೆ ನೀವು ಒರೆಸುತ್ತಾ ಕೂರುವುದು ಯಾಕೆ? ಮನೆಯಲ್ಲೇ ಕೆಲಸ ಬಿದ್ದಿದೆ. ಅದರಲ್ಲೊಂದು ಪಾಲು ಮಗುವಿಗೆ ಕೊಡಿ. ಆಟಕ್ಕಿಂತ ಕೆಲಸದಲ್ಲಿ ಈ ವಯಸ್ಸಿನ ಮಕ್ಕಳು ಜಾಸ್ತಿ ಹೊತ್ತು ಕೂರುತ್ತಾರೆ. ಬಾಲವಾಡಿಯಲ್ಲಿ ನಾನು ದಿನವೂ ನೋಡುವುದು ಇದನ್ನೇ.

ಒಂದು ಉದಾಹರಣೆ ಹೇಳುತ್ತೇನೆ. ಮಳೆಗಾಲದಲ್ಲಿ ಮೂಲೆ ಮೂಲೆಯಲ್ಲೂ ಭುಟ್ಟಾ, ಅಂದರೆ ಮುಸುಕಿನ ಜೋಳ, ಸಿಗುತ್ತದೆ. ಹಸಿ ಭುಟ್ಟಾ ತನ್ನಿ. ಸಿಪ್ಪೆ ಸುಲಿಯಲು ಮಗುವಿಗೇ ಕೊಡಿ. ಒಳಗಿನ ರೇಷ್ಮೆಯಂಥ ಕೂದಲು ತೆಗೆಯುವುದೇ ಅರ್ಧ ಗಂಟೆಯ ಕೆಲಸ. ಆಮೇಲೆ ಚಾಕುವಿನಿಂದ ಉದ್ದಕ್ಕೆ ಒಂದು ಸಾಲು ಕಾಳನ್ನು ನೀವು ತೆಗೆದುಕೊಡಿ. ಪಕ್ಕದ ಸಾಲಿನ ಮೇಲೆ ಮಗು ಹೆಬ್ಬೆರಳಿಟ್ಟು ಖಾಲಿ ಜಾಗದ ಕಡೆಗೆ ಒತ್ತಿದರೆ ಕಾಳು ಟಪಕ್ಕನೆ ಕಳಚಿಕೊಳ್ಳುತ್ತದೆ. ಮೊದಲು ಎರಡು ಮೂರು ಕಾಳು ಜಜ್ಜಿಹೋಗುತ್ತವೆ, ಹಾಲು ಮುಖಕ್ಕೆ ಹಾರುತ್ತದೆ, ಮಗು ನಗುತ್ತದೆ. ನಾಲ್ಕನೆಯ ಸಾಲಿಗೆ ಬರುವಷ್ಟರಲ್ಲಿ ಬೆರಳಿಗೆ ಲಯ ಸಿಕ್ಕಿರುತ್ತದೆ. ಸಂಜೆ ಆ ಕಾಳಿನ ಉಸಲಿಯನ್ನು ಅದೇ ಮಗು ತಕರಾರಿಲ್ಲದೆ ತಿನ್ನುತ್ತದೆ.

ಕೊತ್ತಂಬರಿ ಬಿಡಿಸುವುದು, ಕಾಲುಚೀಲ ಜೋಡಿಸುವುದು, ಚಪಾತಿ ಹಿಟ್ಟಿನ ಒಂದು ಉಂಡೆ ಲಟ್ಟಿಸುವುದು, ಒಣ ಬಟ್ಟೆಯಲ್ಲಿ ಅಪ್ಪನದು ಯಾವುದು ಅಜ್ಜಿಯದು ಯಾವುದು ಎಂದು ಬೇರೆ ಮಾಡುವುದು. ಕೆಲಸ ನಿಧಾನವಾಗುತ್ತದೆ, ನಿಜ. ಮಳೆಯ ದಿನ ಎಲ್ಲಿಗೆ ಓಡಬೇಕಾಗಿದೆ?

ಅಳಗುಳಿಮಣೆ, ಚೌಕಾಬಾರ ಇವೆಲ್ಲ ಮೂರು-ನಾಲ್ಕು ವರ್ಷದವರಿಗೆ ಆಗುತ್ತಾ?

ನಿಯಮದ ಪ್ರಕಾರ ಆಗುವುದಿಲ್ಲ. ಆದರೂ ಆಗುತ್ತದೆ. ತುಳುನಾಡಿನಲ್ಲಿ ಅಳಗುಳಿಮಣೆಗೆ ಚೆನ್ನೆಮಣೆ ಎನ್ನುತ್ತಾರೆ, ಅದು ಆಟಿ ತಿಂಗಳ ಮಳೆಯ ಆಟವೇ ತಾನೆ. ನಿಜವಾದ ಮಣೆಯಲ್ಲಿ ಸಾಲಿಗೆ ಏಳರಂತೆ ಹದಿನಾಲ್ಕು ಗುಳಿ. ಮಣೆ ಊರಲ್ಲಿ ಉಳಿದಿದ್ದರೆ ನಾಲ್ಕು ಕುಳಿಯ ಇಡ್ಲಿ ತಟ್ಟೆ ಮೂರನ್ನು ಸಾಲಾಗಿ ಇಡಿ, ಹನ್ನೆರಡು ಗುಳಿ ಆಯಿತು. ಮೂರು ವರ್ಷದ ಮಗು ಗುಳಿಗೆ ನಾಲ್ಕು ಹುಣಸೆಬೀಜ ಎಣಿಸಿ ಹಾಕಲಿ, ಅಷ್ಟೇ ಆಟ. ನಾಲ್ಕಕ್ಕೆ, ಒಂದೊಂದೇ ಬಿತ್ತುತ್ತಾ ಸುತ್ತು ಬರಲಿ. ಐದಕ್ಕೆ ಗೆಲುವು ಸೋಲು, ಜಗಳ ಎಲ್ಲ ತಾನಾಗಿ ಶುರುವಾಗುತ್ತದೆ.

ಎರಡು ಎಚ್ಚರಿಕೆ. ಮೂರು ವರ್ಷದೊಳಗಿನ ತಂಗಿಯೋ ತಮ್ಮನೋ ಮನೆಯಲ್ಲಿದ್ದರೆ ಬೀಜ, ಕವಡೆ ಎಲ್ಲ ಎಣಿಸಿ ಕೊಟ್ಟು ಎಣಿಸಿ ವಾಪಸ್ ತೆಗೆದುಕೊಳ್ಳಿ, ಗಂಟಲಿಗೆ ಸಿಕ್ಕಿಕೊಳ್ಳುವ ಗಾತ್ರ ಅದು. ಇನ್ನೊಂದು, ಕೆಂಪು ಮೈ ಕಪ್ಪು ಚುಕ್ಕಿಯ ಗುಲಗಂಜಿ ಬೇಡವೇ ಬೇಡ. ನೋಡಲು ಚೆಂದ, ಆದರೆ ಅಗಿದು ನುಂಗಿದರೆ ವಿಷ.

ಚೌಕಾಬಾರಕ್ಕೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದು ಅಡ್ಡ ಐದು ಉದ್ದ ಮನೆ ಬರೆದರೆ ಸಾಕು. ಬರೆಯುವುದೂ ಮಗುವಿನ ಕೆಲಸವೇ ಆಗಲಿ, ಸೊಟ್ಟಗಾದರೆ ಆಗಲಿ.

ಕಾಗದದ ದೋಣಿ ಬಿಟ್ಟು ಮಳೆಯಲ್ಲಿ ಇನ್ನೇನು ಆಟ ಇದೆ?

ಮಳೆ ಅಳೆಯುವ ಆಟ. ಬಾಯಿಯಿಂದ ತಳದವರೆಗೆ ಒಂದೇ ಅಗಲ ಇರುವ ಗಾಜಿನ ಜಾಡಿಯೋ ಪ್ಲಾಸ್ಟಿಕ್ ಡಬ್ಬಿಯೋ ಬೇಕು. ಟೆರೇಸಿನಲ್ಲಿ ಗೋಡೆಯಿಂದ ದೂರ ಇಡಿ. ಗಾಳಿಗೆ ಬೀಳದ ಹಾಗೆ ಸುತ್ತ ನಾಲ್ಕು ಇಟ್ಟಿಗೆ. ಮರುದಿನ ಬೆಳಿಗ್ಗೆ ಎಂಟೂವರೆಗೆ ಮಗುವಿನ ಜೊತೆ ಹೋಗಿ ಒಳಗಿನ ನೀರಿಗೆ ಸ್ಕೇಲ್ ಇಳಿಸಿ. ನೀರು ಎಷ್ಟು ಮಿಲಿಮೀಟರ್ ಎತ್ತರ ನಿಂತಿದೆಯೋ ಅಷ್ಟೇ ಮಳೆ. ಹವಾಮಾನ ಇಲಾಖೆಯೂ 24 ಗಂಟೆಯ ಲೆಕ್ಕ ಮುಗಿಸುವುದು ಬೆಳಿಗ್ಗೆ ಎಂಟೂವರೆಗೇ. ಒಂದು ಮಿಲಿಮೀಟರ್ ಅಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು. ಇದನ್ನು ಐದು ವರ್ಷದ ಮಗುವಿಗೆ ತೋರಿಸಲು ಒಂದು ಲೀಟರ್ ಬಾಟಲಿ ಸಾಕು.

ಆಮೇಲೆ ಪೇಪರ್‌ನಲ್ಲಿ ಇಲಾಖೆ ಮಳೆ ಅಳೆಯುವ ಸಾಂತಾಕ್ರೂಜ್ ಎಷ್ಟು, ಕೊಲಾಬಾ ಎಷ್ಟು, ನಮ್ಮ ಟೆರೇಸ್ ಎಷ್ಟು ಎಂದು ಹೋಲಿಸಿ. ಒಂದೇ ಊರಿನಲ್ಲಿ ಮೂರು ಲೆಕ್ಕ ಬರುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಬಿದ್ದಾಗ ಕೊಲಾಬಾದಲ್ಲಿ ಬಿದ್ದದ್ದು ಸುಮಾರು 73. ಬಾಗಿಲ ಚೌಕಟ್ಟಿನ ಮೇಲೆ 944 ಮಿಲಿಮೀಟರಿಗೆ ಪೆನ್ಸಿಲ್ ಗೆರೆ ಎಳೆದು ಮಗುವನ್ನು ಪಕ್ಕ ನಿಲ್ಲಿಸಿ. ಮೂರು ವರ್ಷದವರ ನೆತ್ತಿ ಹೆಚ್ಚುಕಡಿಮೆ ಅಲ್ಲಿಗೇ ಬರುತ್ತದೆ.

ಅಳತೆ ಮುಗಿದ ಕೂಡಲೇ ಜಾಡಿ ಬಗ್ಗಿಸಿ. ನಿಂತ ನೀರು ಸೊಳ್ಳೆಯ ತೊಟ್ಟಿಲು.

ಇಂಥ ದಿನ ಟಿವಿ, ಮೊಬೈಲ್ ಸ್ವಲ್ಪ ಜಾಸ್ತಿ ಆದರೆ ಪರವಾಗಿಲ್ವಾ?

ಎರಡು ವರ್ಷದೊಳಗೆ ಬೇಡ, ಎರಡರಿಂದ ಐದರವರೆಗೆ ಒಂದು ಗಂಟೆ ಮೀರದಿರಲಿ. ಮಕ್ಕಳ ಡಾಕ್ಟರುಗಳು ಹೇಳುವ ಲೆಕ್ಕ ಇದು. ಊರಿನ ಅಜ್ಜ ಅಜ್ಜಿಯ ಜೊತೆ ವಿಡಿಯೋ ಕಾಲ್ ಮಾಡಿದ್ದನ್ನು ನಾನು ಇದರಲ್ಲಿ ಸೇರಿಸುವುದಿಲ್ಲ. ಯಾವ ಹೊತ್ತಿಗೆ ಕೊಡುತ್ತೀರಿ ಅನ್ನುವುದು ಮುಖ್ಯ. ನೀವು ಅಡುಗೆ ಮಾಡುವ ಹೊತ್ತಿಗೆ ಎಂದು ಗೊತ್ತುಮಾಡಿಕೊಳ್ಳಿ. ಅತ್ತಾಗ ಕೊಟ್ಟರೆ ಅಳುವುದನ್ನು ಕಲಿಯುತ್ತಾರೆ.

## ತಿಂಡಿ, ನೀರು, ಬಟ್ಟೆ, ಹೊಗೆ

ಬಿಸಿಬಿಸಿ ಏನಾದ್ರೂ ಮಾಡು ಅಂತಾರೆ ಎಲ್ಲರೂ. ದಿನಾ ಬಜ್ಜಿ ಕರಿಯೋಕಾಗುತ್ತಾ?

ಬಜ್ಜಿ ವಾರಕ್ಕೊಂದು ಸಲ ಸಾಕು, ಅದೂ ದೊಡ್ಡವರ ಆಸೆಗೆ. ಮಕ್ಕಳಿಗೆ ಹೆಸರುಬೇಳೆ ಗಂಜಿಗೆ ಒಂದು ಚಮಚ ತುಪ್ಪ. ಖಾರ ಕಡಿಮೆ ಹಾಕಿದ ಮೆಣಸಿನ ಸಾರನ್ನು ಲೋಟಕ್ಕೆ ಹಾಕಿ ಕೊಟ್ಟರೆ ದೊಡ್ಡ ಮನುಷ್ಯರ ಹಾಗೆ ಊದಿ ಊದಿ ಕುಡಿಯುತ್ತಾರೆ. ಧಾರವಾಡ ಕಡೆಯವರಾದರೆ ಚುರುಮುರಿ ಒಗ್ಗರಣೆ ಇದ್ದೇ ಇದೆ, ಡಬ್ಬಿಯಿಂದ ತೆಗೆದ ಚುರುಮುರಿ ಮೆತ್ತಗಾಗಿದ್ದರೆ ಬಾಣಲೆಯಲ್ಲಿ ಸ್ವಲ್ಪ ಬೆಚ್ಚಗೆ ಮಾಡಿಕೊಳ್ಳಿ.

ಕೆಸುವಿನ ಎಲೆ ಈಗ ಮಾಟುಂಗಾ ಮಾರ್ಕೆಟ್‌ನಲ್ಲಷ್ಟೇ ಅಲ್ಲ, ಎಲ್ಲ ಭಾಜಿವಾಲಿಯ ಬುಟ್ಟಿಯಲ್ಲೂ ಇರುತ್ತದೆ. ಇಲ್ಲಿ ಅಳೂ ಎಂದು ಕೇಳಬೇಕು. ಪತ್ರೊಡೆಗೆ ಹಿಟ್ಟು ಸವರಲು ಮಗುವನ್ನು ಕೂರಿಸಿಕೊಳ್ಳುವ ಆಸೆ ಬೇಡ, ಹಸಿ ಎಲೆ ಕೈ ತುರಿಸುತ್ತದೆ. ಮಕ್ಕಳಿಗೆ ಕೊಡುವುದಾದರೆ ಹುಣಸೆಹುಳಿ ಧಾರಾಳವಾಗಿರಲಿ, ಚೆನ್ನಾಗಿ ಬೆಂದಿರಲಿ. ಅರೆಬೆಂದರೆ ಗಂಟಲು ಕೆರೆಯುತ್ತದೆ, ಆಮೇಲೆ ಜನ್ಮದಲ್ಲಿ ಪತ್ರೊಡೆ ಮುಟ್ಟುವುದಿಲ್ಲ.

ಇಡೀ ಶೇಂಗಾ ನಾಲ್ಕು ವರ್ಷದೊಳಗಿನವರಿಗೆ ಕೊಡಬೇಡಿ, ಪುಡಿ ಮಾಡಿ ಕೊಡಿ. ಕಷಾಯಕ್ಕೆ ಜೇನು ಹಾಕುವುದಾದರೆ ಮಗುವಿಗೆ ವರ್ಷ ತುಂಬಿರಬೇಕು. ಆಟಿ ಅಮಾವಾಸ್ಯೆಯ ಹಾಲೆ ತೊಗಟೆಯ ಕಷಾಯ ದೊಡ್ಡವರಿಗಷ್ಟೇ ಇರಲಿ. ಇಲ್ಲಿ ಯಾರೋ ತಂದ ತೊಗಟೆ ಯಾವ ಮರದ್ದು ಎಂದು ಹೇಗೆ ನಂಬುವುದು?

ಫಿಲ್ಟರ್ ಇದೆ. ಆದರೂ ನೀರು ಕುದಿಸಬೇಕಾ?

ಮಳೆಗಾಲದಲ್ಲಿ ಪುಟ್ಟ ಮಕ್ಕಳಿರುವ ಮನೆಯಲ್ಲಿ ನಾನು ಕುದಿಸಿ ಎಂದೇ ಹೇಳುವುದು. ಗುಳುಗುಳು ಕುದಿ ಬಂದ ಮೇಲೆ ಒಂದು ನಿಮಿಷ ಸಾಕು. ನಲ್ಲಿಯ ನೀರು ಕಲಕಾಗಿ ಬಂದರೆ ಮೊದಲು ಬಟ್ಟೆಯಲ್ಲಿ ಸೋಸಿ, ಆಮೇಲೆ ಕುದಿಸಿ. ಸೊಸೈಟಿಯ ಟ್ಯಾಂಕ್ ಜೂನ್‌ಗೆ ಮೊದಲು ತೊಳೆಸಿದ್ದಾರಾ ಎಂದು ಕಮಿಟಿಯವರನ್ನು ಕೇಳಿ. ಹೊರಗಿನ ಬರ್ಫದ ಗೋಲಾ, ಕತ್ತರಿಸಿಟ್ಟ ಹಣ್ಣು ಈ ನಾಲ್ಕು ತಿಂಗಳು ಬೇಡ.

ಲಂಗೋಟಿ, ಯೂನಿಫಾರ್ಮ್ ಒಣಗೋದೇ ಇಲ್ಲ. ಬೀರುವಿನಲ್ಲಿ ಬೂಷ್ಟು ಬೇರೆ.

ಹಗ್ಗದ ಮೇಲೆ ಬಟ್ಟೆಗಳ ನಡುವೆ ಒಂದು ಗೇಣು ಜಾಗ ಬಿಡಿ, ಫ್ಯಾನ್ ಕೆಳಗೆ ಕಟ್ಟಿ, ಎದುರುಬದುರು ಎರಡು ಕಿಟಕಿ ಒಂದಿಂಚಾದರೂ ತೆರೆದಿಡಿ. ಹಾಕುವ ಮೊದಲು ಇಸ್ತ್ರಿ. ಅಂಚಿನಲ್ಲಿ, ಜೇಬಿನಲ್ಲಿ ತೇವ ಉಳಿದಿರುತ್ತದೆ, ಅಲ್ಲಿಂದಲೇ ಮಕ್ಕಳ ತೊಡೆಸಂದಿಯಲ್ಲಿ ಹುಳುಕಡ್ಡಿ ಶುರು. ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ಎಳೆದಿಡಿ.

ಮಗುವಿನ ಬಟ್ಟೆಯ ಮಧ್ಯೆ ನುಸಿಗುಳಿಗೆ ಇಡುವ ಅಭ್ಯಾಸ ಬಿಡಿ. ಇಲ್ಲಿನವರು ಅದನ್ನು ಡಾಂಬರ್ ಗೋಲಿ ಎನ್ನುತ್ತಾರೆ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುತ್ತದೆ. ಅಂಥವರಿಗೆ ಅದರ ವಾಸನೆಯಿಂದಲೇ ರಕ್ತದ ಕೆಂಪು ಕಣ ಒಡೆದು ಕಾಮಾಲೆ ಬರಬಹುದು. ಬೇವಿನ ಒಣ ಎಲೆಯ ಪೊಟ್ಟಣ ಸಾಕು.

ಅತ್ತೆ ದಿನಾ ಸಂಜೆ ಸಾಂಬ್ರಾಣಿ ಹೊಗೆ ಹಾಕ್ತಾರೆ. ಬೇಡ ಅಂದ್ರೆ ಬೇಜಾರಾಗ್ತಾರೆ.

ಮಳೆಗೆ ಕಿಟಕಿ ಮುಚ್ಚಿರುವ ಸಣ್ಣ ಮನೆಯಲ್ಲಿ ಹೊಗೆ ಹೋಗುವುದೆಲ್ಲಿಗೆ? ಮಗುವಿನ ಎದೆಗೆ. ಸಾಂಬ್ರಾಣಿಯದಾದರೂ ಸೊಳ್ಳೆ ಬತ್ತಿಯದಾದರೂ ಹೊಗೆ ಹೊಗೆಯೇ. ಉಬ್ಬಸದ ಮಗು ಇದ್ದರಂತೂ ಕೂಡದು. ಅತ್ತೆಯ ಜೊತೆ ವಾದ ಮಾಡಬೇಡಿ. "ಅತ್ತೆ, ದೇವರ ಮುಂದೆ ಹಾಕಿ, ಕಿಟಕಿ ತೆಗೆದಿರುತ್ತೇನೆ, ಅಷ್ಟೊತ್ತು ಮಗೂನ ಪಕ್ಕದ ಮನೆಗೆ ಕರ್ಕೊಂಡು ಹೋಗ್ತೀನಿ" ಅನ್ನಿ. ಅವರ ಪೂಜೆಯೂ ಉಳಿಯುತ್ತದೆ, ನಿಮ್ಮ ಮಾತೂ ಉಳಿಯುತ್ತದೆ. ಎಣ್ಣೆ ನೀವುವ ಕೆಲಸವನ್ನು ಪೂರ್ತಿ ಅವರಿಗೇ ಬಿಟ್ಟುಕೊಡಿ, ಅದರಲ್ಲಿ ಅವರ ಕೈಯೇ ಮೇಲು.

ಹಾಗೆಯೇ ಬಕೆಟ್‌ನಲ್ಲಿ ಕುದಿನೀರು ಇಟ್ಟು ಹಬೆ ಕೊಡುವುದು ಬೇಡ, ಮಕ್ಕಳು ಸುಟ್ಟುಕೊಳ್ಳುವುದು ಅದರಲ್ಲೇ. ಕರ್ಪೂರ ಇರುವ ಬಾಮ್ ಎರಡು ವರ್ಷದೊಳಗಿನವರಿಗೆ ಹಚ್ಚಬೇಡಿ.

## ಸ್ವಲ್ಪ ಗಂಭೀರವಾದವು

ಹಗಲೂ ಸೊಳ್ಳೆ ಕಚ್ಚುತ್ತೆ. ಡೆಂಗಿ ಭಯ. ಏನು ನೋಡಬೇಕು?

ಡೆಂಗಿಯ ಸೊಳ್ಳೆ ಕಚ್ಚುವುದೇ ಹಗಲಲ್ಲಿ, ಹುಟ್ಟುವುದು ತಿಳಿನೀರಿನಲ್ಲಿ. ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಸುಮಾರು ಒಂದು ವಾರ. ಹಾಗಾಗಿ ವಾರಕ್ಕೊಂದು ದಿನ ಗೊತ್ತುಮಾಡಿ, ಕುಂಡದ ತಟ್ಟೆ, ಫ್ರಿಜ್ ಹಿಂದಿನ ಟ್ರೇ, ದೇವರ ಮನೆಯ ಹೂವಿನ ನೀರು, ಮನಿಪ್ಲಾಂಟ್ ಬಾಟಲಿ ಎಲ್ಲ ಬಗ್ಗಿಸಿ ಒರೆಸಿ. ಟಾರ್ಚ್ ಹಿಡಿದು ನೀರು ಹುಡುಕುವ ಪೊಲೀಸ್ ಕೆಲಸ ನಾಲ್ಕು ವರ್ಷದವರಿಗೆ ಬಹಳ ಇಷ್ಟ. ಮಧ್ಯಾಹ್ನದ ನಿದ್ದೆಗೂ ಸೊಳ್ಳೆಪರದೆ ಕಟ್ಟಿ.

ಜ್ವರ ಬಂದರೆ ಪ್ಯಾರಾಸಿಟಮಾಲ್ ಮಾತ್ರ, ಅದೂ ಮಗುವಿನ ತೂಕಕ್ಕೆ ಡಾಕ್ಟರ್ ಹೇಳಿದಷ್ಟು. ಐಬುಪ್ರೊಫೆನ್, ಆಸ್ಪಿರಿನ್ ಬೇಡ. ಜ್ವರ ಇಳಿಯಿತು ಎಂದು ನಿಟ್ಟುಸಿರು ಬಿಡುವ ಹೊತ್ತೇ ಡೆಂಗಿಯಲ್ಲಿ ಅಪಾಯದ್ದು. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲೋ ಮೂಗಿನಲ್ಲೋ ರಕ್ತ, ಮಂಪರು ಕಂಡರೆ ಆಸ್ಪತ್ರೆಗೆ. ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಜ್ವರ ಇದ್ದರೆ ಮನೆಮದ್ದಿನ ಮಾತೇ ಇಲ್ಲ, ಹೊರಡಿ.

ಭೇದಿ ಶುರುವಾಗಿದೆ, ಹೊರಗೆ ಜೋರು ಮಳೆ. ಡಾಕ್ಟರ್ ಹತ್ತಿರ ಹೋಗೋವರೆಗೆ ಏನು ಮಾಡಲಿ?

ಓಆರ್‌ಎಸ್ ಪೊಟ್ಟಣ ಜೂನ್‌ನಲ್ಲೇ ತಂದಿಡಿ. ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಇರಬೇಕು, ಬಣ್ಣದ ಸಿಹಿ ಜ್ಯೂಸ್ ಅಲ್ಲ. ಪೊಟ್ಟಣ ಇಲ್ಲದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಸಮ ಮಾಡಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಇದಕ್ಕಿಂತ ಜಾಸ್ತಿ ಆಗಬಾರದು. ಚಮಚದಲ್ಲಿ ಸ್ವಲ್ಪ ಸ್ವಲ್ಪ ಕುಡಿಸಿ. ವಾಂತಿ ಆದರೆ ಹತ್ತು ನಿಮಿಷ ಬಿಟ್ಟು ಮತ್ತೆ. ಎದೆಹಾಲು, ಗಂಜಿ ನಿಲ್ಲಿಸಬೇಡಿ. ಡಾಕ್ಟರ್ ಸತುವಿನ ಔಷಧ ಬರೆದುಕೊಟ್ಟರೆ ಭೇದಿ ನಿಂತ ಮೇಲೂ ಹೇಳಿದಷ್ಟು ದಿನ ಕೊಡಿ, ಸಾಮಾನ್ಯವಾಗಿ 10ರಿಂದ 14 ದಿನ. ಆರು ಗಂಟೆ ಉಚ್ಚೆ ಆಗದಿದ್ದರೆ, ಅತ್ತಾಗ ಕಣ್ಣೀರು ಬರದಿದ್ದರೆ, ಕಣ್ಣು ಒಳಸೇರಿದ್ದರೆ ಮಳೆ ನಿಲ್ಲಲಿ ಎಂದು ಕಾಯಬೇಡಿ.

ಶಾಲೆಯಿಂದ ತರುವಾಗ ಮೊಣಕಾಲುದ್ದ ನೀರಲ್ಲಿ ನಡೆದು ಬಂದ್ವಿ. ಏನಾದ್ರೂ ಆಗುತ್ತಾ?

ಮೊದಲು ಸೋಪು ಹಚ್ಚಿ ಮೈ ಕೈ ಕಾಲು ತೊಳೆಯಿರಿ. ಆ ನೀರಿನಲ್ಲಿ ಇಲಿಯ ಮೂತ್ರ ಸೇರಿರುತ್ತದೆ. ಕಾಲಿನ ಸಣ್ಣ ಗಾಯದ ಮೂಲಕ ಇಲಿಜ್ವರ ಬರಬಹುದು. ಅದಕ್ಕೇ ಪಾಲಿಕೆ ಪ್ರತಿ ಮಳೆಗಾಲ ಹೇಳುವುದು, ಇಂಥ ನೀರಿನಲ್ಲಿ ನಡೆದವರು 72 ಗಂಟೆಯೊಳಗೆ ಡಾಕ್ಟರನ್ನು ನೋಡಿ ಎಂದು. ಮಕ್ಕಳಿಗೂ ಗರ್ಭಿಣಿಯರಿಗೂ ಕೊಡುವ ಔಷಧ ಬೇರೆ, ಗಂಡನಿಗೆ ಬರೆದುಕೊಟ್ಟ ಮಾತ್ರೆ ಹಂಚಿಕೊಳ್ಳಬೇಡಿ. ಮುಂದಿನ ಎರಡು ಮೂರು ವಾರದಲ್ಲಿ ಜ್ವರ ಬಂದರೆ ನೀರಿನಲ್ಲಿ ನಡೆದದ್ದನ್ನು ಡಾಕ್ಟರಿಗೆ ನೀವಾಗಿಯೇ ಹೇಳಿ. ತೆರೆದ ಮ್ಯಾನ್‌ಹೋಲ್ ಕಾಣುವುದಿಲ್ಲ, ಹಾಗಾಗಿ ಸಾಧ್ಯವಾದರೆ ನೀರು ಇಳಿಯುವವರೆಗೆ ಶಾಲೆಯಲ್ಲೇ ಕೂರುವುದು ಮೇಲು.

ಗುಡುಗಿಗೆ ಮಗಳು ಕಿವಿ ಮುಚ್ಚಿ ಮಂಚದ ಕೆಳಗೆ ಹೋಗ್ತಾಳೆ.

ನೀವೂ ಜೊತೆಗೆ ಹೋಗಿ ಕೂತುಕೊಳ್ಳಿ. ಮಿಂಚಿದ ಕೂಡಲೇ ಒಂದು, ಎರಡು, ಮೂರು ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ದೂರ. ಹನ್ನೆರಡಕ್ಕೆ ಗುಡುಗಿದರೆ ನಾಲ್ಕು ಕಿಲೋಮೀಟರ್ ಆಚೆ. ಎಣಿಕೆಯ ಕೆಲಸ ಸಿಕ್ಕರೆ ಹೆದರಿಕೆಗೆ ಪುರುಸೊತ್ತಿರುವುದಿಲ್ಲ. ಮುಂಬೈಯಲ್ಲಿ ಗುಡುಗು ಜಾಸ್ತಿ ಇರುವುದು ಮಳೆಗಾಲದ ಆರಂಭದಲ್ಲಿ ಮತ್ತು ಕೊನೆಯಲ್ಲಿ. ನಡುವಿನ ಜಡಿಮಳೆಗೆ ಸದ್ದು ಕಡಿಮೆ.

## ಇನ್ನೂ ಮುಂದಕ್ಕೆ ಹೋದವರು ಕೇಳುವವು

ಇಬ್ಬರೂ ಕೆಲಸಕ್ಕೆ ಹೋಗೋರು. ಬೆಳಿಗ್ಗೆ ಏಳಕ್ಕೆ ರಜೆ ಅಂತ ಮೆಸೇಜ್ ಬಂದ್ರೆ?

ಮಳೆ ಬರುವ ಮೊದಲೇ ಬಿಲ್ಡಿಂಗ್‌ನಲ್ಲಿ ಇನ್ನೆರಡು ಮನೆ ಹುಡುಕಿಟ್ಟುಕೊಳ್ಳಿ. ಸರದಿ ಪ್ರಕಾರ ಒಬ್ಬರು ರಜೆ ಹಾಕುವುದು, ಮೂರು ಮನೆಯ ಮಕ್ಕಳೂ ಅಲ್ಲೇ. ಕನ್ನಡದವರೇ ಆಗಬೇಕಿಲ್ಲ. ಇದಕ್ಕಿಂತ ಮುಖ್ಯವಾದದ್ದು ಸಂಜೆಯ ಏರ್ಪಾಡು. ಲೋಕಲ್ ನಿಂತು ಇಬ್ಬರೂ ಆಫೀಸಿನಲ್ಲೇ ಸಿಕ್ಕಿಕೊಂಡರೆ ರಾತ್ರಿ ಮಗು ಯಾರ ಮನೆಯಲ್ಲಿ? ಅವರ ಹತ್ತಿರ ನಿಮ್ಮ ಮನೆಯ ಕೀಲಿ, ಮಗುವಿನ ಒಂದು ಜೊತೆ ಬಟ್ಟೆ, ಔಷಧದ ಹೆಸರು, ಊರಿನ ಫೋನ್ ನಂಬರ್ ಇರಲಿ. ಮಗುವಿಗೂ ಹೇಳಿಟ್ಟಿರಿ, ಅಂಥ ರಾತ್ರಿ ನೀನು ಇಂಥ ಮಾವುಶಿಯ ಮನೆಯಲ್ಲಿ ಮಲಗುತ್ತೀಯ ಎಂದು. ಸುಮ್ನೆ ಒಂದು ರಾತ್ರಿ ಅಲ್ಲಿ ಮಲಗಿಸಿ ಅಭ್ಯಾಸವನ್ನೂ ಮಾಡಿಸಬಹುದು.

ಮನೆಯಿಂದಲೇ ಕೆಲಸ ಮಾಡುವವರು ಮೀಟಿಂಗಿಗೆ ಮೊದಲು ಇಪ್ಪತ್ತು ನಿಮಿಷ ಮಗುವಿನ ಜೊತೆ ಪೂರ್ತಿ ಕೂತುಬಿಡಿ. ಆಮೇಲೆ ಅರ್ಧ ಗಂಟೆ ಬಿಟ್ಟುಕೊಡುತ್ತಾರೆ. ಮೊದಲೇ ಕೊಡದೆ ಬಿಟ್ಟರೆ ಮೀಟಿಂಗ್ ಪೂರ್ತಿ ಮಡಿಲಲ್ಲೇ ಇರುತ್ತಾರೆ.

ಶಾಲೆಯಲ್ಲಿ ಇಂಗ್ಲಿಷು, ಕೆಳಗೆ ಹಿಂದಿ ಮರಾಠಿ. ಮಳೆ ರಜೆಯಲ್ಲಾದ್ರೂ ಕನ್ನಡ ಕಲಿಸಬಹುದಾ?

ಕಲಿಸಲು ಕೂರಬೇಡಿ, ಮಾತಾಡಿ. ಅಕ್ಷರಮಾಲೆಯ ಪುಸ್ತಕ ತೆಗೆದರೆ ಮಗು ಓಡುತ್ತದೆ. ಭುಟ್ಟಾ ಸುಲಿಯುತ್ತಾ ಆಡಿದ ಮಾತು ನಿಲ್ಲುತ್ತದೆ. ಸುಲಿ, ಬಿಡಿಸು, ಕೊಡವು, ಹಿಂಡು, ಮಡಚು, ಸೋಸು. ಈ ಕ್ರಿಯಾಪದಗಳೆಲ್ಲ ಯಾವ ವರ್ಕ್‌ಶೀಟಿನಲ್ಲೂ ಸಿಗುವುದಿಲ್ಲ, ಕೆಲಸದ ಜೊತೆಗೇ ಬರುತ್ತವೆ.

ಐದು ಆರು ವರ್ಷದವರಿಗೆ ಮಳೆ ನಕ್ಷತ್ರಗಳ ಹೆಸರು ಹೇಳಿಕೊಡಿ. ಜೂನ್ ಮೊದಲ ವಾರ ಕಳೆದ ಮೇಲೆ ಮೃಗಶಿರಾ, 21-22ರ ಸುಮಾರಿಗೆ ಆರಿದ್ರಾ, ಜುಲೈನಲ್ಲಿ ಪುನರ್ವಸು, ಪುಷ್ಯ, ಆಮೇಲೆ ಆಶ್ಲೇಷಾ, ಮಘಾ, ಹುಬ್ಬಾ. ಒಂದೊಂದೂ ಹದಿಮೂರು ಹದಿನಾಲ್ಕು ದಿನ. ಮಳೆ ಅಳೆಯುವ ಜಾಡಿ ಇದೆಯಲ್ಲ, ಯಾವ ನಕ್ಷತ್ರದಲ್ಲಿ ಎಷ್ಟು ಬಿತ್ತು ಎಂದು ಕ್ಯಾಲೆಂಡರ್ ಮೇಲೆ ಬರೆಯಲಿ. ಭಾನುವಾರ ಊರಿಗೆ ಫೋನ್ ಮಾಡಿ ಅಜ್ಜನಿಗೆ ವರದಿ ಒಪ್ಪಿಸಲಿ. ಗದ್ದೆಯೋ ಹೊಲವೋ ಇರುವ ಅಜ್ಜನಾದರೆ ಮಾತು ಬೇಗ ಮುಗಿಯುವುದಿಲ್ಲ.

ಡಿಸೆಂಬರ್‌ನಲ್ಲಿ ಮಳೆ ಬಂದ್ರೆ ಇದೇ ಲೆಕ್ಕಾನಾ?

ಅಪರೂಪ, ಆದರೆ ಬರುತ್ತದೆ. 2017ರಲ್ಲಿ ಓಖಿ ಚಂಡಮಾರುತ ಅರಬ್ಬೀ ಸಮುದ್ರದಲ್ಲಿ ಮೇಲಕ್ಕೆ ಬಂದಾಗ ಡಿಸೆಂಬರ್ 5ರಂದು ಮುಂಬೈ ಶಾಲೆಗಳಿಗೆ ರಜೆ ಕೊಟ್ಟಿದ್ದರು. ಚಳಿಗಾಲದ ಮಳೆ ಒಂದೆರಡು ದಿನದ್ದು. ಆದರೆ ಹಗಲೂ ತಣ್ಣಗಾಗುತ್ತದೆ, ಮಕ್ಕಳ ಬಟ್ಟೆಯೆಲ್ಲ ತೆಳ್ಳಗಿನವು. ಆಗ ನೀವು ಬೀರುವಿನಿಂದ ಸ್ವೆಟರ್ ಹೊರಗೆ ತೆಗೆಯಬಹುದು, ಹಾಕುವ ಮೊದಲು ಒಮ್ಮೆ ಬೂಷ್ಟು ಹಿಡಿದಿದೆಯಾ ನೋಡಿ. ಪುಣೆಯಲ್ಲಿ ಚಳಿ ಇಲ್ಲಿಗಿಂತ ಜಾಸ್ತಿ, ಅಲ್ಲಿ ರಾತ್ರಿಗೆ ಟೋಪಿ ಕಾಲುಚೀಲವೂ ಬೇಕಾಗಬಹುದು. ಬೆಚ್ಚಗಿರಲಿ ಎಂದು ಮುಚ್ಚಿದ ಕೋಣೆಯಲ್ಲಿ ಕೆಂಡದ ಶೇಗಡಿ ಮಾತ್ರ ಇಡಬೇಡಿ, ಅದರ ವಿಷಗಾಳಿಗೆ ವಾಸನೆಯೇ ಇರುವುದಿಲ್ಲ. ಮಿಕ್ಕಿದ್ದೆಲ್ಲ ಜುಲೈಯದೇ. ಭುಟ್ಟಾದ ಬದಲು ಈಗ ಹಸಿ ಬಟಾಣಿ ಅಗ್ಗ, ಅದನ್ನು ಸುಲಿಯಲು ಎರಡು ವರ್ಷದವರಿಗೂ ಬರುತ್ತದೆ. ಸುಲಿದ ಕಾಳು ಮೂಗಿಗೆ ಹೋಗದ ಹಾಗೆ ಪಕ್ಕದಲ್ಲೇ ಕೂತಿರಿ.